ದೇವರು ಕೊಟ್ಟ ರೋಗವಲ್ಲ

ಫ್ರೀಮ್ಯಾಂಟಲ್‌ನಿಂದ ಪರ್ತ್‌ಗೆ ಮರಳುವ ರೈಲಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ರೈಲಿಗೆ ಕಾಯುತ್ತಿದ್ದಾಗ ರೆನಿಟಾಗೆ ಮೂರ್ಛೆ ಬಂತು. ಅವಳು ನಾನು ಉಳಿದುಕೊಂಡಿರುವ ಮನೆಯ ಲವೀನಾ ಆಂಟಿಯ ಮಗಳು. ಕಾಲೇಜಿನಲ್ಲಿ ಪ್ರಾಚೀನ ಗ್ರೀಕರ ವಿಜ್ಞಾನ ಓದುತ್ತಾಳೆ. ಆಂಟಿ ಅವಳನ್ನು ಮಗ್ಗುಲಿಗೆ ಮಲಗಿಸಿ, ತಲೆಯಡಿ ತಮ್ಮ ಸ್ವೆಟರ್ ಇಟ್ಟರು. ಸೆಳೆತ ನಿಂತು ಅವಳು ಕಣ್ಣು ಬಿಟ್ಟಾಗ ನನಗೆ ಹೋದ ಜೀವ ಬಂದಂತಾಯಿತು.

ಅವಳು ಎದ್ದು ಕೂತು ಸುಧಾರಿಸಿಕೊಂಡ ಮೇಲೆ ಆಂಟಿ ಕಣ್ಣೊರೆಸಿಕೊಂಡು, "ಯಾವ ಪಾಪಕ್ಕೆ ದೇವರು ಹೀಗೆ ಮಾಡ್ತಾನೋ" ಎಂದರು. ಗೆಳತಿಯರಿಗೆಲ್ಲ ಅವರು ಬರೀ ತಲೆಸುತ್ತು ಎನ್ನುತ್ತಾ ಬಂದಿದ್ದರಂತೆ.

"ಮಮ್ಮಿ, ಗ್ರೀಕರೂ ಇದನ್ನ ದೇವರು ಕೊಟ್ಟ ರೋಗ ಅಂತಿದ್ರು," ಎಂದಳು ರೆನಿಟಾ ಮೆಲ್ಲಗೆ. "ಆದ್ರೆ ಅವರಲ್ಲೇ ಒಬ್ಬ ಡಾಕ್ಟರ್, ಎರಡು ಸಾವಿರ ವರ್ಷಕ್ಕೂ ಹಿಂದೆ, ಇದು ಮೆದುಳಿಂದ ಬರೋದು, ಬೇರೆ ಕಾಯಿಲೆ ಥರಾನೇ ಇದಕ್ಕೂ ಕಾರಣ ಇದೆ ಅಂತ ಬರೆದಿಟ್ಟ."

"ಅಷ್ಟು ಹಿಂದೇನೇ?" ಆಂಟಿಯ ಮುಖದ ಬಿಗಿ ಸಡಿಲವಾಯಿತು.

ಈಗಷ್ಟೇ ಆಂಟಿಗೆ ಹ್ಯಾರಿಸ್‌ಡೇಲ್‌ನ ಗೆಳತಿಯೊಬ್ಬರು ಫೋನ್ ಮಾಡಿ, ತಮ್ಮ ಮನೆಗೆ ಊಟಕ್ಕೆ ಬರಲು ಯಾಕೆ ತಡವೆಂದು ಕೇಳಿದರು. ಆಂಟಿ ದನಿ ತಗ್ಗಿಸಲಿಲ್ಲ.

"ರೆನಿಟಾಗೆ ಫಿಟ್ಸ್ ಬಂದಿತ್ತು, ಸುನೀತಾ. ಅವಳಿಗೆ ಮೊದಲಿಂದಲೂ ಇದೆ. ಈಗ ಆರಾಮಾಗಿದ್ದಾಳೆ, ಬರ್ತಿದ್ದೀವಿ."