ಕೈಗುಣ

ಮೊಮ್ಮಗಳು ಹುಟ್ಟಿದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ಮನೆಗೆ ಬಂದವರ ಉಡಿಯಲ್ಲೆಲ್ಲ ಕೂಸನ್ನು ಹಾಕುವುದು, ಅವರ ಮುಖ ಅರಳುವುದನ್ನು ನೋಡುವುದು, ಇದೇ ನನ್ನ ಕೆಲಸ. ವಾಡಿ ಊರಿನ ನಮ್ಮ ಕ್ವಾರ್ಟರ್ಸಿನಲ್ಲಿ ಕೂಸನ್ನು ಎತ್ತಿಕೊಳ್ಳದೆ ಉಳಿದವಳು ಪಕ್ಕದ ಮನೆಯಾಕೆ ಒಬ್ಬಳೇ.

ದಿನಾ ಬರುತ್ತಿದ್ದಳು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ಕೂತು, ತೊಟ್ಟಿಲ ಹಗ್ಗ ಮಾತ್ರ ಜಗ್ಗುತ್ತಿದ್ದಳು. ಕೂಸನ್ನು ಕೊಡಲು ಹೋದರೆ ಒಂದೇ ಮಾತು: "ಬ್ಯಾಡ್ರಿ ಅಕ್ಕಾ, ನನ್ನ ಕೈಗುಣ ಚೊಲೋ ಇಲ್ಲ."

ಯಾಕೆಂದು ಕೇಳಿದಾಗ ಹೇಳಿದಳು. ಹಿಂದೆ ಒಂದು ಚಳಿಗಾಲದಲ್ಲಿ ತನ್ನ ಕೂಸಿನ ಗಲ್ಲ ಮುಟ್ಟಿದ್ದಳಂತೆ. ಬೆರಳಿನಿಂದ ಚಟ್ಟನೆ ಕಿಡಿ ಹಾರಿ ಕೂಸು ಚೀರಿತಂತೆ. ಅದೇ ವಾರ ಜ್ವರ ಬಂದು ತೀರಿಹೋಯಿತು.

ನನ್ನ ಬಾಣಂತಿ ಮಗಳು ಕೇಳಿಸಿಕೊಂಡು ನಕ್ಕುಬಿಟ್ಟಳು. "ಕಾಕು, ಅದು ನಿಮ್ಮ ನೈಲಾನ್ ಸೀರಿ ಆಟ ರೀ. ಒಣ ಚಳಿಯಾಗ ಬಟ್ಟಿ ತಿಕ್ಕಿ ತಿಕ್ಕಿ ಮೈಯಾಗ ಕರೆಂಟ್ ಕೂಡ್ತದ. ಎಲ್ಲಾರಿಗೂ ಹಂಗೇ. ಅದರಿಂದ ಕೂಸು ಸಾಯಂಗಿಲ್ಲ. ನೆಲ ಮುಟ್ರಿ, ಇಳಿದು ಹೋಗ್ತದ."

"ಅಷ್ಟೇ ಏನವ್ವಾ?"

"ಅಷ್ಟೇ ರೀ."

ನಾನು ಹಿಗ್ಗಿ ಕೂಸನ್ನು ಮುಂದೆ ಚಾಚಿದೆ. ಆಕೆ ಸೆರಗಿನಿಂದ ಕೈ ತೆಗೆದು ಅಂಗೈಯನ್ನು ಪೂರ್ತಿ ನೆಲಕ್ಕೆ ಹಚ್ಚಿದಳು. ಬಹಳ ಹೊತ್ತು ತೆಗೆಯಲಿಲ್ಲ.

"ಈ ಕೈಯ ತಪ್ಪಲ್ಲಂದ್ರ," ಎಂದಳು, "ನನ್ನ ಕೂಸು ಯಾಕ ಹೋತ್ರಿ ಅಕ್ಕಾ?"

ಅದೇ ಕೈಯನ್ನು ನೆಲಕ್ಕೆ ಊರಿ ಎದ್ದು ಹೋದಳು. ಮರುದಿನದಿಂದ ಹಗ್ಗ ಜಗ್ಗಲಿಕ್ಕೂ ಬರಲಿಲ್ಲ.