ರಾಯರು ಕಂಡುಹಿಡಿದ ದಾರಿಗಳು

ಮಾಧವರಾಯರು ಮನೆಯೊಳಗೂ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಸೋಫಾದ ಮೇಲೆ ಕುಳಿತು, ಗದ್ದದ ಕೆಳಗಿನ ಪಟ್ಟಿಯನ್ನಷ್ಟೇ ಸಡಿಲಿಸಿಕೊಂಡು, ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು. ಸೈಕಲ್ಲು ನಡುಮನೆಯಲ್ಲಿ ಫ್ಯಾನಿನ ಕೆಳಗೆ ನಿಂತಿತ್ತು. ನನಗೆ ಚಹಾ ಕೊಡಲು ಅವರ ಹೆಂಡತಿ ಅದನ್ನು ಸುತ್ತಿ ಬಳಸಿ ಬರಬೇಕಾಯಿತು. ಹೆಲ್ಮೆಟ್ ಹಾಕಿ ಅಷ್ಟು ಜೋಪಾನ ಮಾಡುವಂಥದ್ದು ಆ ತಲೆಯೊಳಗೆ ಹೆಚ್ಚೇನೂ ಇಲ್ಲವೆಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ.

ಸಾತಾರಾದ ಕಡೆಯಿಂದ ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಗೆ ದೊಡ್ಡ ಸಾಹೇಬರಾಗಿ ಬಂದವರು. ಗುಡ್ಡ ಹತ್ತಿರವಿರಲೆಂದು ಜಮಖಂಡಿಯಲ್ಲಿ ಮನೆ ಹಿಡಿದಿದ್ದರು. ಅದೇ ವರ್ಷ ನಾನು ಹಾವೇರಿ ಕಡೆಯಿಂದ ಬನಹಟ್ಟಿಯ ಕಾಲೇಜಿಗೆ ಪಾಠ ಹೇಳಲು ಬಂದು ಅವರ ಓಣಿಯಲ್ಲೇ ಬಾಡಿಗೆಗೆ ಇದ್ದೆ. ನನ್ನ ಬಳಿಯೂ ಗುಡ್ಡ ಹತ್ತುವ ದಪ್ಪ ಗಾಲಿಯ ಸೈಕಲ್ಲಿತ್ತು. ಹೊಸ ಊರಿಗೆ ಹೋದರೆ ಮೊದಲು ಅದರ ಕಾಲುದಾರಿಗಳನ್ನು ಹುಡುಕುವುದು ನನ್ನ ಚಾಳಿ. ಅದು ರಾಯರ ಕಣ್ಣಿಗೆ ಬಿದ್ದದ್ದೇ ತಡ, ಪ್ರತಿ ಭಾನುವಾರ ಬೆಳಕು ಹರಿಯುತ್ತಲೇ ಬಾಗಿಲು ಬಡಿಯತೊಡಗಿದರು. ಊರು ಹೊಸದು, ಬೇರೆ ಗೆಳೆಯರಿಲ್ಲ, ಹೋಗುತ್ತಿದ್ದೆ.

ರಾಯರು ದಾರಿಯಲ್ಲಿ ಸುಮ್ಮನೆ ಹೋಗುವವರಲ್ಲ. ಅದನ್ನು ಕಂಡುಹಿಡಿಯಬೇಕು, ಕಂಡುಹಿಡಿದು ಹೆಸರಿಡಬೇಕು. ಬೀಳಗಿ ರಸ್ತೆಯ ಪಕ್ಕದ ಇಳುಕಲು 'ಮಾಧವ ಡ್ರಾಪ್' ಆಯಿತು. ಚಿಮ್ಮಡದ ಹಳ್ಳದ ಅಂಚು 'ರಾವ್ ರಿಜ್' ಆಯಿತು. ಗಲಗಲಿಯಲ್ಲಿ ಹೊಳೆದಂಡೆಗುಂಟ ಕಬ್ಬಿನ ಹೊಲಗಳ ನಡುವೆ ಹೋಗುವ ಕಾಲುದಾರಿಯ ಬಾಯಲ್ಲಿ ನಿಂತು ಫೋನಿನಲ್ಲಿ ನಕ್ಷೆ ಮಾಡುತ್ತಿದ್ದಾಗ, ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ಅದೇ ದಾರಿಯಿಂದ ಬಂದಳು. ರಾಯರು ಸೈಕಲ್ಲು ಸರಿಸಲಿಲ್ಲ.

"ಬಾಯಿ, ಈ ದಾರಿ ನಾ ಇವತ್ತ ಡಿಸ್ಕವರ್ ಮಾಡೇನಿ. ಇನ್ನ ಪುಣೆ, ಮುಂಬೈದಿಂದ ಮಂದಿ ಬರ್ತಾರ ನೋಡ್ರಿ," ಎಂದರು.

ಆಕೆ ಹೊರೆಯ ಕೆಳಗಿನಿಂದಲೇ ಅವರನ್ನು ಹೆಲ್ಮೆಟ್ಟಿನಿಂದ ಬೂಟಿನವರೆಗೆ ನೋಡಿದಳು. "ಛಲೋ ಆತ್ರಿ. ನಿಮ್ಮ ದಾರಿ ಅಂದ್ರ ಈ ಜಾಲಿಕಂಟಿ ಒಂದೀಟ ಕಡಸ್ರಿ. ದಿನಾ ಸೀರಿ ಹರೀತೈತಿ."

ನಾನು ನಕ್ಕೆ. ರಾಯರು ನನ್ನ ಕಡೆ ತಿರುಗಿ, "ಬಘಾ, ನೋಡ್ರಿ ಮಾಸ್ತರ, ಇವರಿಗಿ ಟ್ರೇಲಿನ ಕಿಮ್ಮತ್ತ ಗೊತ್ತಿಲ್ಲ," ಎಂದು ಮರುಗಿದರು.

ಎಲ್ಲಿಗೆ ಹೋದರೂ 'ನಮ್ಮ ಸಾತಾರಾದಾಗ' ಎಂಬ ಮಾತು ಅವರಿಗಿಂತ ಮೊದಲು ಹೋಗಿ ನಿಂತಿರುತ್ತಿತ್ತು. ಮುಧೋಳದಾಚೆ ಒಮ್ಮೆ ತೋಟದ ಮನೆಯ ಬೇಟೆನಾಯಿಯೊಂದು ಅವರ ಸೈಕಲ್ಲಿನ ಪಕ್ಕ, ಬೇಕೋ ಬೇಡವೋ ಎಂಬಂತೆ, ಸ್ವಲ್ಪ ದೂರ ಓಡಿ ಬೇಜಾರಾಗಿ ನಿಂತಿತು. ರಾಯರು ಅದನ್ನು ಸೋಲಿಸಿದೆನೆಂದು ವಾರವಿಡೀ ಹೇಳಿಕೊಂಡರು. ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ನಿಂತಾಗ, ಇದನ್ನು ರೈತರೇ ಸೇರಿ ಕಟ್ಟಿಕೊಂಡದ್ದೆಂದು ನಾನು ಹೇಳಿದೆ. ಬೇರೆ ಸೀಮೆಯವನಾದರೂ ನನ್ನವರೇ ಕಟ್ಟಿದ್ದೆಂಬ ಹೆಮ್ಮೆಯಿಂದ ಹೇಳಿದ್ದೆ. ರಾಯರು ನೀರಿನ ಕಡೆ ನೋಡಲೇ ಇಲ್ಲ, ಕಾಲ ಕೆಳಗಿನ ಕಾಂಕ್ರೀಟು ನೋಡಿದರು. "ಇಷ್ಟೆಲ್ಲಾ ಮಾಡ್ಯಾರ, ಖರೆ ಸೈಕಲ್ಲಿಗಿ ಒಂದು ಪಟ್ಟಿ ಬಿಟ್ಟಿಲ್ಲರಿ. ವಿಷನ್ ಬೇಕ್ರಿ, ವಿಷನ್." ಅವರನ್ನು ಸೈಕಲ್ಲಿನ ಸಮೇತ ಕೃಷ್ಣೆಗೆ ನೂಕಬೇಕೆನಿಸಿತು. ನದಿಯ ಮೇಲಿನ ಗೌರವದಿಂದ ಸುಮ್ಮನಾದೆ.

ಸುಳ್ಳು ಹೇಳಬಾರದು, ಸವಾರಿ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಐವತ್ತು ದಾಟಿದ ಮೈ, ಆದರೂ ನಾನು ಇಳಿದು ತಳ್ಳುವ ಏರನ್ನು ಸೀಟಿನಿಂದ ಏಳದೆ ಹತ್ತುತ್ತಿದ್ದರು. ಒಮ್ಮೆ ಬೀಳಗಿಯಿಂದ ಬರುವಾಗ ನನ್ನ ಚೈನು ಹರಿಯಿತು. ಸುಡುಬಿಸಿಲಲ್ಲಿ ರಸ್ತೆಯ ಬದಿಗೆ ಕುಳಿತು, ಕೈಯೆಲ್ಲ ಗ್ರೀಸು ಮಾಡಿಕೊಂಡು, ತಮ್ಮ ಚೀಲದಲ್ಲಿದ್ದ ಕೊಂಡಿ ಹಾಕಿ ಜೋಡಿಸಿಕೊಟ್ಟರು. ತಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನೂ ನನಗೇ ಕುಡಿಸಿದರು. ಅವತ್ತು ಅವರ ಮೇಲೆ ನನಗೆ ನಿಜಕ್ಕೂ ಪ್ರೀತಿ ಹುಟ್ಟಿತ್ತು. ಮರುದಿನದಿಂದ ಕಿರಾಣಿ ಅಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, "ಮಾಸ್ತರನ್ನ ನಾ ಉಳಿಸೇನಿ" ಎಂದು ಹೇಳುತ್ತ ತಿರುಗಿ ಆ ಪ್ರೀತಿಯನ್ನು ತಾವೇ ಮುಗಿಸಿದರು.

ಒಂದು ದಾರಿಯನ್ನು ಮಾತ್ರ ನಾನು ಅವರಿಂದ ಮುಚ್ಚಿಟ್ಟಿದ್ದೆ. ಊರಾಚೆಯ ಗುಡ್ಡದ ಹಿಂಬದಿಯಲ್ಲಿ ಕುರಿ ತಿರುಗಿ ತಿರುಗಿ ಬಿದ್ದ ದಾರಿ ಅದು. ಕೆಂಪು ಕಲ್ಲು, ಗಿಡ್ಡ ಹುಲ್ಲು, ಎಲ್ಲೂ ನೇರ ಹೋಗದ ತಿರುವುಗಳು. ಈ ಊರಿಗೆ ಬಂದು ಒಂಟಿ ಎನಿಸಿದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆ. ಜಮಖಂಡಿ ನನ್ನ ಊರಾದದ್ದು ಆ ದಾರಿಯಿಂದ. ಜಾಗ ಮಾಳಪ್ಪಜ್ಜನ ಮನೆತನದ್ದು. ಮೇಲೆ ಬೀರಪ್ಪನ ಗುಡಿ, ಅದರ ಕೆಳಗೆ ಮುಳ್ಳುಬೇಲಿಯ ಕುರಿದಡ್ಡಿ. ಮೊದಲ ದಿನವೇ ಅಜ್ಜ ನನ್ನನ್ನು ನಿಲ್ಲಿಸಿ ಕರಾರು ಹಾಕಿದ್ದ.

"ಬರ್ರಿ, ಯಾರು ಬ್ಯಾಡ ಅಂತಾರ. ದಡ್ಡಿ ಹತ್ರ ಬಂದಾಗ ಇಳದು ನಡಕೋತ ಹೋಗ್ರಿ. ಗಬ್ಬ ಇದ್ದ ಕುರಿ ಇರತಾವು. ಅಂಜಿ ಓಡಿದ್ರ ಹೊಟ್ಯಾಗಿನ ಮರಿ ಹೋಗತಾವು."

ನಾನು ಇಳಿದು ನಡೆಯುತ್ತಿದ್ದೆ. ಅಜ್ಜ ಕೆಲವು ಸಲ ಕೂಡಿಸಿಕೊಂಡು ಆಡಿನ ಹಾಲಿನ ಚಹಾ ಕೊಡುತ್ತಿದ್ದ.

ನನ್ನನ್ನು ಹಿಡಿದುಕೊಟ್ಟದ್ದು ಗಾಲಿಯ ಮಣ್ಣು. ಒಂದು ಸಂಜೆ ರಾಯರು ನನ್ನ ಅಂಗಳಕ್ಕೆ ಬಂದು ಟಾಯರಿಗೆ ಬೆರಳು ಹಚ್ಚಿ ನೋಡಿದರು. "ಎರಿ ಹೊಲದಾಗ ತಿರಗಿದ್ರ ಕರಿ ಮಣ್ಣು ಹತ್ತತೈತ್ರಿ. ಇದು ಕೆಂಪ ಐತಿ. ಎಲ್ಲಿದು?" ಇಂಥ ವಿಷಯದಲ್ಲಿ ಆ ತಲೆ ಬಲು ಚುರುಕು. ಮುಂದಿನ ಭಾನುವಾರ ಕರೆದೊಯ್ದೆ, ಅಜ್ಜನ ಕರಾರನ್ನು ಒತ್ತಿ ಒತ್ತಿ ಹೇಳಿ. ದಡ್ಡಿಯ ಬಳಿ ರಾಯರು ಇಳಿದರು, ನಡೆದರು, ಅಜ್ಜನಿಗೆ ನಮಸ್ಕಾರ ಮಾಡಿದರು, ಮರಿಯೊಂದನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಅಜ್ಜ ಬಾಯಿತುಂಬ ನಕ್ಕ. ಈ ಮನುಷ್ಯನನ್ನು ನಾನು ಸುಮ್ಮನೆ ಹಳಿಯುತ್ತಿದ್ದೇನೇನೋ ಅಂದುಕೊಂಡೆ.

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಸಾತಾರಾದಿಂದ ರಾಯರ ಹಳೆಯ ಸವಾರಿ ಗೆಳೆಯರು ಬಂದರು. ಅವರ ಮುಂದೆ ರಾಯರ ಎದೆ ಉಬ್ಬಿತ್ತು. ಅಜ್ಜನ ದಾರಿಗೆ ಅಷ್ಟರಲ್ಲಾಗಲೇ 'ಮಾಧವ ಕ್ಲಾಸಿಕ್' ಎಂದು ಹೆಸರು ಬಿದ್ದಿತ್ತು. ನಾನು ಗುಂಪಿನ ಕೊನೆಯಲ್ಲಿದ್ದೆ. ದಡ್ಡಿ ಇನ್ನೂ ಕಾಣದಷ್ಟು ದೂರವಿರುವಾಗಲೇ ದಾರಿಯ ಎರಡೂ ಬದಿಯ ಕಲ್ಲುಗಳ ಮೇಲೆ ಹಳದಿ ಬಳಿದದ್ದು ಕಂಡಿತು. ಹಿಂದಿನ ವಾರ ಅದು ಇರಲಿಲ್ಲ. ಮೈಲಾರಲಿಂಗನ ಒಕ್ಕಲಿನವನಾದ ನನಗೆ ಭಂಡಾರವನ್ನು ಗುರುತಿಸಲು ಹತ್ತಿರ ಹೋಗಬೇಕಿರಲಿಲ್ಲ. ದೇವರ ಹೆಸರಿನಲ್ಲಿ ಅರಿಸಿನ ಹಚ್ಚಿದ್ದಾರೆಂದರೆ ಏನೋ ಕಾರಣವಿದೆ ಎಂದುಕೊಂಡು ನಾನು ಬ್ರೇಕು ಹಿಡಿದೆ. ಮುಂದಿನಿಂದ ರಾಯರು ಖುಷಿಯಲ್ಲಿ ಮರಾಠಿಯಲ್ಲಿ ಕೂಗುವುದು ಕೇಳಿಸಿತು. ಯಾರೋ ನಮಗಿಂತ ಮೊದಲೇ ದಾರಿಗೆ ಗುರುತು ಹಾಕಿದ್ದಾರಂತೆ, ಎಲ್ಲರೂ ಹಳದಿ ಹಿಡಿದು ಬರಬೇಕಂತೆ.

ಜೇಜೂರಿಯ ಖಂಡೋಬನಿಗೆ ಭಂಡಾರ ತೂರುವ ನಾಡಿನ ಮನುಷ್ಯ. ಹಳದಿ ಕಂಡರೆ ದೇವರು ನೆನಪಾಗಬೇಕಿತ್ತು. ಅವರಿಗೆ ಸಹ್ಯಾದ್ರಿಯಲ್ಲಿ ಸವಾರರು ಬಂಡೆಯ ಮೇಲೆ ಹಚ್ಚುವ ಪೇಂಟು ನೆನಪಾಯಿತು. ನಿಲ್ಲಿರಿ, ಇಳಿಯಿರಿ ಎಂದು ನಾನು ಕೂಗಿದ್ದು ಇಳುಕಲಿನಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಹಳದಿ ಕಲ್ಲುಗಳು ಅವರನ್ನು ನೇರ ದಡ್ಡಿಯ ಬಾಯಿಗೆ ಒಯ್ದವು. ಇಳಿದು ನಡೆಯುವ ಕರಾರು ಮರೆತು ರಾಯರು ಗೆಳೆಯರೊಂದಿಗೆ ಹೋ ಎನ್ನುತ್ತ, ಗಂಟೆ ಬಾರಿಸುತ್ತ ನುಗ್ಗಿದರು. ಕುರಿಗಳು ಬೇಲಿ ಮುರಿದುಕೊಂಡು ಕಲ್ಲಿನ ಇಳಿಜಾರಿಗೆ ಹಾರಿದವು.

ನಾನು ತಲುಪುವಷ್ಟರಲ್ಲಿ ಅಜ್ಜನ ಸೊಸೆ ನೆಲದ ಮೇಲೆ ಕುಳಿತಿದ್ದಳು. ಅವಳ ಮಡಿಲಲ್ಲಿ ಇನ್ನೂ ಸರಿಯಾಗಿ ಕೂದಲು ಬರದ, ಉಸಿರಿಲ್ಲದ ಮರಿ. ಮತ್ತೊಂದು ಕುರಿ ಬೇಲಿಯ ಪಕ್ಕ ಮಲಗಿ ಮುಲುಗುತ್ತಿತ್ತು. ಅಜ್ಜ ಬೈಯಲಿಲ್ಲ. "ಕುರಿ ಈಯೂ ಕಾಲಕ್ಕ ಭಂಡಾರ ಹಚ್ಚತೇವ್ರಿ. ಅದರಾಚಿ ಹೊರಗಿನವ್ರು ಕಾಲ ಇಡೂದಿಲ್ಲ. ಬೀರಪ್ಪನ ಕಾವಲ ಅದು," ಎಂದಷ್ಟೇ ಹೇಳಿದ.

ಬಾ ಎಂದು ರಾಯರು ಓದಿದ್ದು, ಬರಬೇಡ ಎಂಬ ಗುರುತನ್ನು. ಅದು ತಿಳಿದ ಮೇಲೂ ಅವರ ಮುಖ ಬಾಡಲಿಲ್ಲ. ಗೆಳೆಯರ ಕಡೆ ಒಮ್ಮೆ ನೋಡಿ, "ಅಲ್ರೀ ಅಜ್ಜಾರ, ಹಂಗಿದ್ರ ಒಂದು ಬೋರ್ಡ್ ಹಾಕಬೇಕಿತ್ತು ನೀವು. ನಮಗ ಹೆಂಗ ಗೊತ್ತಾಗಬೇಕು?" ಎಂದರು. ಸೊಸೆ ತಲೆಯೆತ್ತಿ ಅವರನ್ನು ನೋಡಿದಳು, ಮತ್ತೆ ಮರಿಯ ಮೂತಿ ಒರೆಸತೊಡಗಿದಳು. ಅವತ್ತಿನಿಂದ ಈ ಮನುಷ್ಯನ ಬಗ್ಗೆ ನನಗಿರುವುದು ಹೇಸಿಗೆ. ಅದನ್ನು ನಯವಾಗಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಮರುದಿನ ದಾರಿಯ ಬಾಯಿಗೆ ಮುಳ್ಳು ಬಿತ್ತು. ರಾಯರು ಆ ಮುಳ್ಳಿನ ಫೋಟೋ ಹಾಕಿ, ಈ ಭಾಗದಲ್ಲಿ ಸ್ಥಳೀಯರ ಸಹಕಾರ ಕಡಿಮೆ ಎಂದು ತಮ್ಮ ಗುಂಪಿಗೆ ಬರೆದರು. ನಾನು ಅವರ ಬಡಿತಕ್ಕೆ ಬಾಗಿಲು ತೆಗೆಯುವುದನ್ನು ಬಿಟ್ಟೆ. ಬೇಸಿಗೆಯ ಹೊತ್ತಿಗೆ ಅವರಿಗೆ ನಾಂದೇಡದ ಕಡೆಯ ಬೇರೆ ಕಾರ್ಖಾನೆಯಲ್ಲಿ ಕೆಲಸವಾಯಿತು. ಲಾರಿಗೆ ಸಾಮಾನು ಏರಿಸುವಾಗ ಸೈಕಲ್ಲನ್ನು ಕಂಬಳಿಯಲ್ಲಿ ಸುತ್ತಿ ತಾವೇ ಎತ್ತಿಟ್ಟರು. ಬೀದಿಯಲ್ಲಿ ಸಿಕ್ಕಿಬಿದ್ದ ನನ್ನ ಕೈ ಹಿಡಿದು, "ಮಾಸ್ತರ, ಅಲ್ಲಿ ಗುಡ್ಡ ಭಾಳ ಅದಾವಂತ. ಯಾರೂ ಡಿಸ್ಕವರ್ ಮಾಡಿಲ್ಲಂತ. ಕಾಲೇಜ ಸೂಟಿ ಬಿಟ್ಟಾಗ ಬರ್ರಿ," ಎಂದರು. ಕಣ್ಣಲ್ಲಿ ನೀರಿತ್ತು. ನನಗೆ ಬರಲಿಲ್ಲ. ನಾಂದೇಡದ ಕುರಿಗಳನ್ನು ನೆನೆದು ಮನೆಯೊಳಗೆ ಹೋದೆ.

ಮುಂದಿನ ಭಾನುವಾರ ಸೈಕಲ್ ತೆಗೆದುಕೊಂಡು ಗುಡ್ಡಕ್ಕೆ ಹೋದೆ. ಮುಳ್ಳು ಹಾಗೇ ಇತ್ತು. ಅದರಾಚೆ ಅಜ್ಜ ಉಣ್ಣೆ ಹಿಂಜುತ್ತ ಕುಳಿತಿದ್ದ. ಇಷ್ಟು ತಿಂಗಳು ಅವನಿಗೆ ಈ ಒಂದು ಮಾತು ಹೇಳಲೆಂದೇ ಕಾದಿದ್ದೆ.

"ಅಜ್ಜಾ, ಆ ರಾಯರು ಊರು ಬಿಟ್ಟು ಹೋದ್ರು. ಇನ್ನ ಬರೂದಿಲ್ಲ. ನಾ ಒಬ್ಬಾಂವನ. ಇಳದು ನಡಕೋತ ಹೋಗತೇನಿ, ನಿಮಗ ಗೊತ್ತೈತಲ್ಲ."

"ಗೊತ್ತೈತ್ರಿ ಸರ. ನಿಮ್ಮ ಮ್ಯಾಲ ನಂದೇನೂ ಸಿಟ್ಟಿಲ್ಲ," ಎಂದ ಅಜ್ಜ.

ನಾನು ಆಸೆಯಿಂದ ಸೈಕಲ್ಲನ್ನು ಒಂದು ಮಾರು ಮುಂದೆ ತಳ್ಳಿದೆ. ಗಾಲಿಯ ಕಟಕಟ ಸದ್ದು ಕೇಳುತ್ತಲೇ ಅಜ್ಜನ ಹಿಂದೆ ಮೇಯುತ್ತಿದ್ದ ಕುರಿಗಳು ತಲೆಯೆತ್ತಿದವು. ಒಂದರ ಮೈಗೊಂದು ಒತ್ತಿಕೊಂಡು ಹಿಂದೆ ಹಿಂದೆ ಸರಿದವು. ಅಜ್ಜ ಅವುಗಳ ಕಡೆ ಕೈ ಮಾಡಿದ.

"ನೀವು ಬ್ಯಾರೆ, ಅವ್ರು ಬ್ಯಾರೆ ಅನ್ನೂದು ನನಗ ತಿಳೀತೈತ್ರಿ. ಅವಕ್ಕ ಹೆಂಗ ಹೇಳ್ಲಿ?"

ನಾನು ಸೈಕಲ್ಲನ್ನು ಎತ್ತಿ, ಗಾಲಿ ತಿರುಗದ ಹಾಗೆ ಹೆಗಲ ಮೇಲಿಟ್ಟುಕೊಂಡು, ಗುಡ್ಡ ಇಳಿದೆ.