ಮಾರಿವಿಕ್ ಹಾಕಿದ ಪಟ್ಟು

ನನ್ನ ಕತ್ತು ಇವತ್ತು ನೆಟ್ಟಗಿದೆ ಎಂದರೆ ಅದು ನಾಲ್ಕು ಅಡಿ ಹತ್ತಂಗುಲದ ಒಬ್ಬ ಹೆಂಗಸಿನ ದಯೆ. ಹೆಸರು ಮಾರಿವಿಕ್. ಫಿಲಿಪೀನ್ಸಿನ ಇಲೊಯಿಲೊದಲ್ಲಿ ನರ್ಸಿಂಗ್ ಓದಿ 2001ರಲ್ಲಿ ಐರ್ಲೆಂಡಿನ ನಮ್ಮ ಆಸ್ಪತ್ರೆಗೆ ಬಂದವಳು. ಹಾಗೆ ಬಂದವರು ಮೊದಲ ಆರು ವಾರ ಪರೀಕ್ಷಾರ್ಥವಾಗಿ ದುಡಿಯಬೇಕು. ಕೊನೆಗೆ ಮೇಟ್ರನ್ ಸಹಿ ಹಾಕಿದರೆ ನರ್ಸ್, ಇಲ್ಲವಾದರೆ ವಾಪಸ್ ವಿಮಾನ.

ಅವಳ ಐದನೇ ವಾರ, ಭಾನುವಾರ ಮಧ್ಯಾಹ್ನ, ಕಟ್ಟಡ ಕೆಲಸದ ದೈತ್ಯನೊಬ್ಬ ಕಂಠಪೂರ್ತಿ ಕುಡಿದು ಹಣೆ ಒಡೆದುಕೊಂಡು ಬಂದ. ಊರಿಗೆಲ್ಲ ಮನೆ ಕಟ್ಟುವ ಹುಚ್ಚು ಹಿಡಿದಿದ್ದ ಕಾಲ ಅದು. ಹೊಲಿಗೆ ಹಾಕಲು ನಾನು ಸೂಜಿ ಎತ್ತಿದ್ದೇ ತಡ, ಎದ್ದವನೇ ಎರಡೂ ಕೈಯಿಂದ ನನ್ನ ಕತ್ತು ಹಿಸುಕಿದ. ತಲೆಯನ್ನು ಗೋಡೆಗೆ ಬಡಿದ, ಒಂದಲ್ಲ, ಮೂರು ಸಲ. ಬಾಯಿ ತುಂಬ ರಕ್ತ. ಮೈಸೂರಿನಲ್ಲಿ ವರ್ಷಗಟ್ಟಲೆ ಓದಿ ಸರ್ಜನ್ ಆದ ಡಾಕ್ಟರ್ ಭಾಸ್ಕರ ನಾನು. ಕತ್ತಿನ ಒಂದೊಂದು ನರದ ಹೆಸರೂ ಬಾಯಿಪಾಠ. ಬಿಡಿಸಿಕೊಳ್ಳುವುದನ್ನು ಮಾತ್ರ ಯಾವ ಮಹಾನುಭಾವನೂ ಕಲಿಸಿರಲಿಲ್ಲ. ಸತ್ತೆ ಅಂದುಕೊಂಡೆ.

ಅಷ್ಟರಲ್ಲಿ ಮಾರಿವಿಕ್ ಅವನ ಕಿರುಬೆರಳು ಹಿಡಿದು ಹಿಂದಕ್ಕೆ ಮುರಿದಳು. ಎಳೆ ಸೌತೆಕಾಯಿ ಮುರಿದಂಥ ಸದ್ದು. ಅವನು ಅರಚುತ್ತ ಕುಸಿದ. ಸೆಕ್ಯುರಿಟಿಯವರು ಬರುವವರೆಗೂ ಅವನ ಬೆನ್ನಿಗೆ ಮೊಣಕಾಲು ಊರಿ ಕೂತಳು.

ಮಂಗಳವಾರ ಅವನ ದೂರು ಬಂತು. ಮೇಟ್ರನ್ ನೋರಾ ನಮ್ಮಿಬ್ಬರನ್ನೂ ಕರೆಸಿದರು.

"ರೋಗಿಯ ಬೆರಳು ಮುರಿಯುವವಳಿಗೆ ನಾನು ಹೇಗಮ್ಮ ಸಹಿ ಹಾಕಲಿ? ಮೆತ್ತಗೆ ಬಿಡಿಸೋದನ್ನ ಇಲ್ಲೇ ಕಲಿಸಿದ್ದೀವಲ್ಲ?"

"ಅದು ಸಾಲೋದಿಲ್ಲ ಮೇಡಂ," ಎಂದಳು ಮಾರಿವಿಕ್.

"ಯಾಕೆ ಸಾಲೋದಿಲ್ಲ? ಮಾಡಿ ತೋರಿಸು."

ಆ ಮಾತನ್ನು ಅವಳ ಮುಂದೆ ಆಡಬಾರದಿತ್ತು. ಅವಳ ಕಾಲೇಜಿನಲ್ಲಿ ಟೀಚರ್ ಮಾಡಿದ್ದನ್ನು ಇಡೀ ಕ್ಲಾಸಿನೆದುರು ತಿರುಗಿ ಮಾಡಿ ತೋರಿಸಬೇಕು. ರಿಟರ್ನ್ ಡೆಮೊ ಅನ್ನುತ್ತಾರೆ. ನಟಿಸಿದರೆ ಸೊನ್ನೆ. ಮಾನಸಿಕ ರೋಗಿಗಳ ವಾರ್ಡಿಗೆ ಕಳಿಸುವ ಮುಂಚೆ ಅಲ್ಲಿನ ಟೀಚರಮ್ಮ ನಿಜವಾಗಿಯೇ ಕತ್ತು ಹಿಸುಕುತ್ತಿದ್ದರಂತೆ. ಬಿಡಿಸಿಕೊಂಡವರಷ್ಟೇ ಪಾಸು.

"ಡಾಕ್ಟರ್, ಅವನು ಹಿಡಿದ ಹಾಗೇ ನನ್ನನ್ನು ಹಿಡೀರಿ," ಎಂದಳು. ಅಂಜುತ್ತ ಕೈಯಿಟ್ಟೆ. "ಇನ್ನೂ ಗಟ್ಟಿ. ನಾನಾಗಿ ಬಿಡಿಸಿಕೊಳ್ಳೋವರೆಗೂ ಬಿಡಬೇಡಿ."

ಹಿಸುಕಿದೆ. ಅವಳು ಇಲ್ಲಿ ಕಲಿಸಿದ ಹಾಗೆಯೇ ನನ್ನ ಮಣಿಕಟ್ಟು ತಳ್ಳಿದಳು, ಮೈ ತಿರುಚಿದಳು. ಆಗಲಿಲ್ಲ. ಮುಖ ಕೆಂಪಾಯಿತು, ಆಮೇಲೆ ನೀಲಿಗಟ್ಟಿತು. ಒದ್ದಾಟಕ್ಕೆ ಕುರ್ಚಿ ಉರುಳಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಬಿಡಲಿಲ್ಲ, ಬಿಟ್ಟಿದ್ದರೆ ಮೇಟ್ರನ್ ಹೇಳಿದ್ದೇ ಸರಿ ಎಂದಾಗಿ ಅವಳು ವಿಮಾನ ಹತ್ತಬೇಕಿತ್ತು. ಅವಳ ಕೈ ನನ್ನ ಕಿರುಬೆರಳನ್ನು ಹುಡುಕಿ ಹಿಡಿಯಿತು. ಹಿಡಿಯಿತು, ಮುರಿಯಲಿಲ್ಲ.

"ಸಾಕು! ಬಿಡ್ರೀ ಅವಳನ್ನ!" ಮೇಟ್ರನ್ ಕಿರುಚಿದರು.

ಬಿಟ್ಟೆ. ಅವಳು ನೆಲಕ್ಕೆ ಬಿದ್ದು ಕೆಮ್ಮತೊಡಗಿದಳು. ಮೇಟ್ರನ್ ಅವಳ ಕಾಗದ ಎಳೆದುಕೊಂಡು ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಅವಳ ಕತ್ತಿನ ಮೇಲೆ ನನ್ನ ಬೆರಳುಗಳ ಗುರುತು ನೋಡಿ ಸಿಟ್ಟೇ ಬಂತು. "ಬೆರಳು ಕೈಗೆ ಸಿಕ್ಕಿತ್ತಲ್ಲ, ಯಾಕೆ ಮುರೀಲಿಲ್ಲ? ನೀನು ಸತ್ತೇ ಹೋಗ್ತಿದ್ದೆ!"

"ಮೂರು ಗಂಟೆಗೆ ನಿಮ್ಮ ಆಪರೇಷನ್ ಇದೆಯಲ್ಲ ಡಾಕ್ಟರ್," ಎಂದಳು ಒಡಕು ದನಿಯಲ್ಲಿ. "ಮುರಿದ ಬೆರಳು ಇಟ್ಕೊಂಡು ಏನು ಮಾಡ್ತಿದ್ರಿ?"

ಆ ಆಪರೇಷನ್ ಬೇರೆಯವರು ಮಾಡಿದರು. ನನ್ನ ಕೈ ಸಂಜೆಯವರೆಗೂ ನಡುಗುತ್ತಿತ್ತು.